ಓದಲೆ ಬಾರದ ಹೆಸರು ಎಂತಕ್ಕೆ?

ಈಗ ಮದುವೆಲಿ ಕೊಡ ಚೀಲಕ್ಕೆ, ಗೋಡೆಗೆ ತೂಗುಹಾಕ ಕಸೂತಿಗೆ ಎಲ್ಲ ಇಂಗ್ಲೀಷಿನ ಗೋಥಿಕ್ ಅಕ್ಷರದ್ದೇ ಹುಚ್ಚು. ದಪ್ಪ ಗೀಟು, ಚೂಪು ಮೂಲೆ. ನ್ಯೂಯಾರ್ಕ್ ಟೈಮ್ಸ್ ಪೇಪರಿನ ಹೆಸರು ಇರ್ತಲಿ, ಹಂಗೆ. ಚೊಲೋ ಕಾಣ್ತು, ಅದಕ್ಕೆ ನನ್ನ ತಕರಾರಿಲ್ಲೆ. ಗೀಟು ನೆಟ್ಟಗೆ ಇಪ್ಪದಕ್ಕೆ ಮ್ಯಾಟಿ ಬಟ್ಟೆಲಿ ಮನೆ ಎಣಿಸಿ ಕ್ರಾಸ್ ಸ್ಟಿಚ್ ಹಾಕಲೂ ಸಸಾರ.

ಆದ್ರೆ ಹೆಸರು ಪೂರ್ತಿ ಕ್ಯಾಪಿಟಲ್ಲಲ್ಲಿ ಹಾಕದು ಎಂತಕ್ಕೆ? ಅದರ ಕ್ಯಾಪಿಟಲ್ಲು ಬಳ್ಳಿ ಸುತ್ತಿದಂಗೆ ಇರ್ತು, ಶಬ್ದದ ಮೊದಲಿಗೆ ಒಂದು ಇದ್ರೆ ಶೋಭೆ. ಸಾಲಾಗಿ ನಿಂತ್ರೆ ಕಾಲೇಜಿಗೆ ಹೋಪ ಕೂಸಿಗೂ ಓದಲೆ ಬತ್ತಿಲ್ಲೆ. ಎಬಿಸಿಡಿ ಕೂಡಿಸಿ ಓದ ನಮ್ಮ ವರದಹಳ್ಳಿ ಬದಿ ಅಮ್ಮಮ್ಮಂಗಂತೂ ಮೊಮ್ಮಗಳ ಹೆಸರು ಯಾವುದು, ಬಳ್ಳಿ ಯಾವುದು ಹೇಳಿ ಗೊತ್ತಾಗ್ತಿಲ್ಲೆ. ಗುಟೆನ್‌ಬರ್ಗ್ 1450ರ ದಶಕದಲ್ಲಿ ಬೈಬಲ್ ಅಚ್ಚು ಹಾಕಿದ್ದೂ ಇದೇ ಜಾತಿ ಅಕ್ಷರದಲ್ಲಿ. ಅಲ್ಲಿ ಓದವಕ್ಕೆ ಆ ಕೈಬರಹ ರೂಢಿ ಇತ್ತು. ನಮಗೆ ಇಲ್ಯಲ!

ನನ್ನ ಕೇಳಿದ್ರೆ, ಮೊದಲ ಅಕ್ಷರ ಒಂದು ಗೋಥಿಕ್ ಇರ್ಲಿ, ಅದರ ಕೆಳಗೆ ಪೂರ್ತಿ ಹೆಸರು ಕನ್ನಡದಲ್ಲಿ ಹಾಕಿ. ಗುಂಡಗಿನ ಅಕ್ಷರಕ್ಕೆ ಸರಪಳಿ ಹೊಲಿಗೆ ಚಂದ. ಕ್ರಾಸ್ ಸ್ಟಿಚ್ ಹಾಕಿದ್ರೆ ಮೆಟ್ಟಿಲು ಮೆಟ್ಟಿಲು ಕಾಣ್ತು. ದಪ್ಪ-ಸಪೂರ ಬೇಕೇ ಬೇಕು ಹೇಳಾದ್ರೆ ಬಿದಿರು ಕಡ್ಡಿ ತುದಿ ಅಗಲಕ್ಕೆ ಕೊಯ್ದು, ಶಾಯಿಲಿ ಅದ್ದಿ ಮೊದಲು ಕಾಗದದ ಮೇಲೆ ಬರದು ನೋಡಿ. ಗೋಥಿಕ್ಕಿನ ದಪ್ಪ-ಸಪೂರವೂ ಹುಟ್ಟಿದ್ದು ಅಗಲ ಮೂತಿ ಲೆಕ್ಕಣಿಕೆಲೇಯ.