ಕಾರಿಗೆ ದಾರಿ ಕೇಳಿದಿರಿ, ಕಾಲಿಗೆ?

2025ರ ಸೆಪ್ಟೆಂಬರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ವಿಪ್ರೊದ ಅಜೀಂ ಪ್ರೇಮ್‌ಜಿಯವರಿಗೆ ಪತ್ರ ಬರೆದರು. ಸರ್ಜಾಪುರ ರಸ್ತೆಯ ವಿಪ್ರೊ ಆವರಣದ ಮೂಲಕ ಒಂದಿಷ್ಟು ವಾಹನಗಳನ್ನು ಬಿಟ್ಟುಕೊಟ್ಟರೆ ಇಬ್ಲೂರು ಜಂಕ್ಷನ್ ಆಸುಪಾಸಿನ ದಟ್ಟಣೆ ಶೇ 30ರಷ್ಟು ಇಳಿಯಬಹುದು ಎಂಬುದು ಪತ್ರದ ಸಾರ. ಪ್ರೇಮ್‌ಜಿಯವರು ಒಪ್ಪಲಿಲ್ಲ. ಅದು ಕಂಪನಿಯ ಖಾಸಗಿ ಆಸ್ತಿ, ವಿಶೇಷ ಆರ್ಥಿಕ ವಲಯದ ಕಟ್ಟುಪಾಡುಗಳಿವೆ, ಸಾರ್ವಜನಿಕ ಓಡಾಟಕ್ಕೆ ಬಿಡಲು ಬರುವುದಿಲ್ಲ ಎಂದು ವಿನಯದಿಂದಲೇ ಉತ್ತರಿಸಿದರು. ಆಮೇಲೆ ನಡೆದ ವಾದವನ್ನು ಎಲ್ಲರೂ ಓದಿದ್ದೀರಿ. ಊರಿನ ನೀರು, ನೆಲ, ಕರೆಂಟು ಬಳಸಿಕೊಂಡ ಕಂಪನಿ ಊರಿಗೆ ಇಷ್ಟಾದರೂ ಮಾಡಬಾರದೇ ಎಂದು ಕೆಲವರು ಕೇಳಿದರು. ರಸ್ತೆ ಮಾಡಲಾಗದ ಸರ್ಕಾರ ಇನ್ನೊಬ್ಬರ ಅಂಗಳ ಕೇಳುವುದು ಯಾವ ನ್ಯಾಯ ಎಂದು ಉಳಿದವರು ಕೇಳಿದರು. ಎರಡೂ ಕಡೆಯವರು ಮಾತಾಡಿದ್ದು ಕಾರಿನ ಬಗ್ಗೆ ಮಾತ್ರ. ನಡೆಯುವವರ ಹೆಸರನ್ನು ಯಾರೂ ಎತ್ತಲಿಲ್ಲ.

ವಿಪ್ರೊದ ಉತ್ತರಕ್ಕೆ ನನ್ನ ತಕರಾರಿಲ್ಲ. ಸರ್ಕಾರ ಕೇಳಬಹುದು, ಜಾಗದವರು ಆಗುವುದಿಲ್ಲ ಎನ್ನಬಹುದು. ನನ್ನ ಸಿಟ್ಟು ಸರ್ಕಾರದ ಮೇಲೆ. ಇನ್ನೊಬ್ಬರ ಗೇಟಿನ ಮುಂದೆ ನಿಂತು ದಾರಿ ಕೇಳುವ ಸರ್ಕಾರ, ಕಾಗದದಲ್ಲಿ ಇವತ್ತಿಗೂ ತನ್ನದೇ ಆಗಿರುವ ದಾರಿಗಳನ್ನು ವೈಟ್‌ಫೀಲ್ಡಿನಿಂದ ಎಲೆಕ್ಟ್ರಾನಿಕ್ ಸಿಟಿಯವರೆಗೆ, ಅಲ್ಲಿಂದ ಪೀಣ್ಯದವರೆಗೆ, ಒಂದೊಂದಾಗಿ ಕೈಬಿಡುತ್ತಾ ಬಂದಿದೆ.

ಯಾವ ದಾರಿಗಳು ಅವು? ಹೊರ ಬೆಂಗಳೂರಿನ ಯಾವುದೇ ಹಳ್ಳಿಯ ಗ್ರಾಮ ನಕಾಶೆ ತೆಗೆದು ನೋಡಿ. ಸರ್ವೆ ನಂಬರುಗಳ ನಡುವೆ ಬಂಡಿದಾರಿ ಹೋಗಿರುತ್ತದೆ, ಕಾಲುದಾರಿ ಹೋಗಿರುತ್ತದೆ. ಊರಿನಿಂದ ಕೆರೆಗೆ, ಕೆರೆ ಏರಿಯ ಮೇಲಿಂದ ಪಕ್ಕದೂರಿಗೆ, ಗುಡಿಗೆ, ಗೋಮಾಳಕ್ಕೆ, ಸ್ಮಶಾನಕ್ಕೆ. ಇವು ಯಾರೋ ಕರುಣೆಯಿಂದ ಬಿಟ್ಟುಕೊಟ್ಟ ದಾರಿಗಳಲ್ಲ. ಕರ್ನಾಟಕ ಭೂಕಂದಾಯ ಅಧಿನಿಯಮ 1964ರ ಕಲಂ 67 ಸಾರ್ವಜನಿಕ ರಸ್ತೆ, ಓಣಿ, ಕಾಲುದಾರಿ, ಹಳ್ಳ, ಕೆರೆ ಎಲ್ಲವೂ ರಾಜ್ಯ ಸರ್ಕಾರದ ಸ್ವತ್ತು ಎಂದು ಸಾರುತ್ತದೆ. ಅದರಡಿಯ 1966ರ ನಿಯಮಗಳ 21ನೇ ನಿಯಮ ಖರಾಬು ಜಮೀನನ್ನು ಎರಡು ಬಗೆ ಮಾಡುತ್ತದೆ. ಬೇಸಾಯಕ್ಕೆ ಬಾರದ್ದು ‘ಎ’ ಖರಾಬು. ರಸ್ತೆಯೋ, ಒಪ್ಪಿತವಾದ ಕಾಲುದಾರಿಯೋ, ಬೇರೆಯವರೂ ಬಳಸುವ ಕೆರೆಯೋ ಹಳ್ಳವೋ ಸ್ಮಶಾನವೋ ಇರುವ ಕಾರಣಕ್ಕೆ ಹೊರಗಿಟ್ಟದ್ದು ‘ಬಿ’ ಖರಾಬು. ಪಹಣಿಯಲ್ಲಿ ಈ ಖರಾಬನ್ನು ಕಳೆದೇ ಉಳಿದ ವಿಸ್ತೀರ್ಣ ಬರೆಯುತ್ತಾರೆ. ಮಾರಿದವನಿಗೆ ಗೊತ್ತು, ಕೊಂಡವನಿಗೆ ಗೊತ್ತು, ನೋಂದಣಿ ಮಾಡಿಸಿದವನಿಗೂ ಗೊತ್ತು, ಆ ಪಟ್ಟಿ ಜನರದ್ದು ಎಂದು. ಆದರೂ ಸರ್ವೆ ನಕ್ಷೆ ತೋರಿಸುವ ಸರ್ಕಾರಿ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರು ಹುಡುಕಿ, ಪಕ್ಕದಲ್ಲಿ ನಕಾಶೆ ಹಿಡಿದು ನಡೆಯಲು ಹೊರಟರೆ, ದಾರಿ ಎಲ್ಲೋ ಒಂದು ಕಡೆ ಕಾಂಪೌಂಡಿಗೆ ಹೋಗಿ ಮುಟ್ಟುತ್ತದೆ. ಅದರ ಮುಂದೆ ಸೆಕ್ಯುರಿಟಿಯವರು ‘ಯಾರನ್ನ ನೋಡ್ಬೇಕು ಸಾರ್’ ಎಂದು ಕೇಳುತ್ತಾರೆ. ಬಿಹಾರದಿಂದಲೋ ಅಸ್ಸಾಮಿನಿಂದಲೋ ಬಂದು ಹನ್ನೆರಡು ತಾಸು ನಿಲ್ಲುವ ಆ ಹುಡುಗನ ಮೇಲೆ ರೇಗಿ ಏನು ಬಂತು? ನಕಾಶೆಯನ್ನು ಮರೆತವರು ತಾಲ್ಲೂಕು ಕಚೇರಿಯಲ್ಲಿದ್ದಾರೆ.

ಈ ಊರುಗಳು ಬರಿಯ ಟೆಕ್ ಪಾರ್ಕುಗಳಲ್ಲ ಎಂಬುದನ್ನು ಪದೇ ಪದೇ ಹೇಳಬೇಕಾಗಿದೆ. ಐಟಿಪಿಎಲ್ ನಿಂತಿರುವುದು ಪಟ್ಟಂದೂರು ಅಗ್ರಹಾರದ ನೆಲದಲ್ಲಿ. ಕಾಡುಗೋಡಿಯ ಕಾಶಿ ವಿಶ್ವೇಶ್ವರ ಗುಡಿಯಲ್ಲಿರುವ ಶಾಸನ ಕ್ರಿ.ಶ. 1043ರದ್ದು, ರಾಜೇಂದ್ರ ಚೋಳನ ಕಾಲದ್ದು. ಪಟ್ಟಂದೂರಿನಲ್ಲಿ ಕೆರೆ ಕಟ್ಟಿಸಿ ತೂಬು ಇಡಿಸಿದ ಸಂಗತಿ ಅದರಲ್ಲಿದೆ. ಸಾವಿರ ವರ್ಷ ಹತ್ತಿರವಾದ ಕೆರೆ ಅದು. ಶಾಸನದಿಂದ ಕೆರೆಗೆ ನಡೆದೇ ಹೋಗಬಹುದಾದಷ್ಟು ದೂರ. ಒಬ್ಬ ಸಾಫ್ಟ್‌ವೇರ್ ಉದ್ಯೋಗಿಯೋ, ಕಾಡುಗೋಡಿಯ ಒಂದು ಶಾಲೆಯ ಮಕ್ಕಳೋ ಒಂದು ಭಾನುವಾರ ಬೆಳಿಗ್ಗೆ ಶಾಸನ ಓದಿ, ಕೆರೆ ನೋಡಿ, ನಲ್ಲೂರಹಳ್ಳಿ ಕೆರೆಯ ಕಡೆಗೆ ಸಾಗಿ, 1882ರಲ್ಲಿ ಹತ್ತನೆಯ ಚಾಮರಾಜ ಒಡೆಯರು ಆಂಗ್ಲೋ ಇಂಡಿಯನ್ನರಿಗೆ ಕೊಟ್ಟ 3,900 ಎಕರೆಯಲ್ಲಿ ಹುಟ್ಟಿದ ಹಳೆಯ ವೈಟ್‌ಫೀಲ್ಡಿನ ಇನ್ನರ್ ಸರ್ಕಲ್ ತಲುಪುವಂತಿದ್ದರೆ ಎಷ್ಟು ಚೆನ್ನ! ಈಗ ಹಾಗೆ ಹೊರಟವರು ನೀರಿನ ಟ್ಯಾಂಕರುಗಳ ಜೊತೆ ಮುಖ್ಯರಸ್ತೆಯ ಅಂಚಿನಲ್ಲಿ ಜೀವ ಕೈಯಲ್ಲಿ ಹಿಡಿದು ಹೋಗಬೇಕು.

ಎಲೆಕ್ಟ್ರಾನಿಕ್ ಸಿಟಿಯ ಕಡೆಗೂ ಇದೇ ಕಥೆ. ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ತನ್ನ ಮುಖ್ಯಸ್ಥ ಆರ್.ಕೆ. ಬಾಳಿಗರ ಕನಸಿನಂತೆ 1978ರಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಅದನ್ನು ಶುರುಮಾಡಿತು. ಪಕ್ಕದ ಬೇಗೂರಿನ ದೇವಾಲಯದಲ್ಲಿ ‘ಬೆಂಗಳೂರು’ ಹೆಸರನ್ನು ಹೊತ್ತ ಒಂಬತ್ತನೆಯ ಶತಮಾನದ ವೀರಗಲ್ಲಿದೆ. ಇನ್ನೊಂದು ಕಡೆ ಹುಸ್ಕೂರು. ಅಲ್ಲಿನ ಮದ್ದೂರಮ್ಮನ ಜಾತ್ರೆಗೆ ಸುತ್ತಲ ಹಳ್ಳಿಗಳಿಂದ ನೂರಡಿಗೂ ಎತ್ತರದ ತೇರುಗಳು ಹೊಲಗದ್ದೆ ಹಾದು ಬರುತ್ತಿದ್ದವು, ಈಗಲೂ ಬರುತ್ತವೆ. ಆದರೆ ಅವು ಬರಲು ಬಯಲು ಉಳಿದಿಲ್ಲ. 2025ರ ಮಾರ್ಚಿನಲ್ಲಿ ಗಾಳಿ ಮಳೆಗೆ ತೇರು ಉರುಳಿ ಸಾವು ಸಂಭವಿಸಿದಾಗ ತೇರಿನ ಎತ್ತರದ ಬಗ್ಗೆ ಮಾತು ಬಂತು, ಬರಬೇಕಾದ್ದೇ. ತೇರಿನ ಹಾದಿ ಏನಾಯಿತು ಎಂದೂ ಕೇಳಬೇಕಿತ್ತು. ಊರಿಂದೂರಿಗೆ ದೇವರು ನಡೆದು ಹೋಗುವ ಹಾದಿ ಜನರ ಹಕ್ಕಿನ ಅತ್ಯಂತ ಹಳೆಯ ದಾಖಲೆ. ವರ್ಷಕ್ಕೊಮ್ಮೆಯಾದರೂ ಅದನ್ನು ಉಳಿಸಿಕೊಂಡಿರುವ ರಾಯಸಂದ್ರ, ದೊಡ್ಡನಾಗಮಂಗಲದಂಥ ಊರಿನವರಿಗೆ ನಾವು ಋಣಿಗಳು.

ಇಂಗ್ಲೆಂಡಿಗೆ ಹೋಗಿ ಬಂದ ನಮ್ಮ ಟೆಕ್ಕಿಗಳು ಅಲ್ಲಿನ ಹಳ್ಳಿಗಾಡಿನ ಕಾಲುದಾರಿಗಳನ್ನು, ಕಡಲಂಚಿನ ನಡಿಗೆಯನ್ನು, ಹಳೆಯ ಕೋಟೆ ಚರ್ಚುಗಳನ್ನು ಹಾದು ಹೋಗುವ ಹಾದಿಗಳನ್ನು ಹೊಗಳುವುದು ಕೇಳಿದ್ದೇನೆ. ಆ ದೇಶವೇ ಹಾಗೆ, ಜನರ ಸಂಸ್ಕಾರವೇ ಹಾಗೆ ಎಂಬಂತೆ ಅವರ ಮಾತು. ಅದು ಸುಳ್ಳು. 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರ್ ಕಡೆಯ ಯುವಕರು ನೂರಾರು ಮಂದಿ ಕಿಂಡರ್ ಸ್ಕೌಟ್ ಎಂಬ ಬೆಟ್ಟಕ್ಕೆ ಬೇಕೆಂದೇ ಅತಿಕ್ರಮವಾಗಿ ನುಗ್ಗಿದರು. ಆ ಬೆಟ್ಟವನ್ನು ಸಿರಿವಂತರ ಹಕ್ಕಿ ಬೇಟೆಗೆಂದು ಕಾದಿಟ್ಟಿದ್ದರು. ಮುಂದಾಳು ಬೆನ್ನಿ ರಾತ್‌ಮನ್‌ಗೆ ಆಗ ಇಪ್ಪತ್ತು ವರ್ಷ. ಕಾವಲುಗಾರರ ಜೊತೆ ಕೈಕೈ ಮಿಲಾಯಿಸಿ, ಅವನೂ ಸೇರಿ ಐವರು ಜೈಲಿಗೆ ಹೋದರು. ಹದಿನೇಳು ವರ್ಷದ ನಂತರ, 1949ರಲ್ಲಿ, ರಾಷ್ಟ್ರೀಯ ಉದ್ಯಾನ ಮತ್ತು ಹಳ್ಳಿಗಾಡಿನ ಪ್ರವೇಶದ ಕಾಯ್ದೆ ಬಂತು. ಪ್ರತಿ ಕೌಂಟಿಯೂ ತನ್ನ ವ್ಯಾಪ್ತಿಯ ಕಾಲುದಾರಿಗಳ ಅಂತಿಮ ನಕ್ಷೆ ಮಾಡಲೇಬೇಕೆಂದು ಆ ಕಾಯ್ದೆ ಕಟ್ಟುಮಾಡಿತು. ಊರಿನವರೇ ನಡೆದು, ಗುರುತು ಹಾಕಿ, ದಾರಿಗಳ ಪಟ್ಟಿ ಕೊಟ್ಟರು. ಆ ನಕ್ಷೆಯಲ್ಲಿ ಬಂದ ದಾರಿ ಕಾನೂನಿನ ಕಣ್ಣಲ್ಲಿ ಖಾತ್ರಿಯಾದ ದಾರಿ. ಇವತ್ತು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇಂಥ ಹಾದಿ ಸುಮಾರು 2.25 ಲಕ್ಷ ಕಿಲೋಮೀಟರ್ ಇದೆ. ಹೊಲ ರೈತನದ್ದೇ, ಬೇಲಿಯೂ ಅವನದ್ದೇ. ಬೇಲಿಗೆ ನಮ್ಮ ಮಲೆನಾಡಿನ ತೋಟಗಳಲ್ಲಿರುವ ತಡಮೆಯಂಥದ್ದೊಂದು ಇರುತ್ತದೆ. ದನ ದಾಟದು, ಮನುಷ್ಯ ದಾಟುತ್ತಾನೆ. ಒಡೆತನಕ್ಕೆ ಧಕ್ಕೆಯಿಲ್ಲ, ನಡಿಗೆಗೆ ತಡೆಯಿಲ್ಲ.

ಕಾರ್ಖಾನೆಯ ಊರಿನ ದುಡಿಯುವ ಹುಡುಗರು ಗೆದ್ದುಕೊಟ್ಟ ಹಕ್ಕು ಅದು ಎಂಬುದು ನನಗೆ ಮುಖ್ಯ. ಯಾಕೆಂದರೆ ಇಲ್ಲಿ ಕಾಲುದಾರಿಯ ಮಾತೆತ್ತಿದರೆ ‘ಇದೆಲ್ಲ ಹೊಟ್ಟೆ ತುಂಬಿದವರ ವಾಕಿಂಗ್ ಶೋಕಿ’ ಎಂದುಬಿಡುತ್ತಾರೆ. ಪೀಣ್ಯದಲ್ಲಿ ಶಿಫ್ಟ್ ಬಿಡುವ ಹೊತ್ತಿಗೆ ನಿಂತು ನೋಡಿ. ಗಾರ್ಮೆಂಟ್ಸಿನ ಹೆಣ್ಣುಮಕ್ಕಳು, ಲೇತ್ ಕೆಲಸದವರು, ಪ್ಲೇಟಿಂಗ್ ಶೆಡ್ಡಿನವರು ಬಾಡಿಗೆ ಮನೆಗೆ ಹೋಗುವುದು ನಡೆದುಕೊಂಡೇ, ಲಾರಿಗಳ ನಡುವೆ, ಮೋರಿಯ ಚಪ್ಪಡಿಯ ಮೇಲೆ. ನೇರವಾಗಿ ಹೋಗುತ್ತಿದ್ದ ಓಣಿಗೆ ಗೋಡೆ ಬಿದ್ದರೆ ಅವರ ಹಾದಿ ಉದ್ದವಾಗುತ್ತದೆ. ಕಾರಿನಲ್ಲಿ ಹೋಗುವವರಿಗೆ ಆ ಗೋಡೆ ಕಾಣುವುದೂ ಇಲ್ಲ. ಅಡ್ಡಿಯಿಲ್ಲದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಮೇನಲ್ಲಿ ಹೇಳಿದೆ. ಅದು ಮೊದಲು ಸಲ್ಲಬೇಕಾದದ್ದು ಇವರಿಗೆ.

ಆದರೆ ಶೋಕಿಯ ನಡಿಗೆಯನ್ನೂ ನಾನು ಹಗುರವಾಗಿ ನೋಡುವುದಿಲ್ಲ. 2024ರ ಜನವರಿಯಲ್ಲಿ ಕುಮಾರ ಪರ್ವತದ ಹಾದಿಯಲ್ಲಿ ಸಾವಿರಾರು ಜನ ಸಾಲುಗಟ್ಟಿದ ಚಿತ್ರ ನೋಡಿ ಅರಣ್ಯ ಸಚಿವ ಈಶ್ವರ ಖಂಡ್ರೆಯವರು ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಪಥಗಳನ್ನು ತಾತ್ಕಾಲಿಕವಾಗಿ ಮುಚ್ಚಿಸಿದರು. ಆಮೇಲೆ ಬುಕಿಂಗ್‌ಗೆ ‘ಅರಣ್ಯ ವಿಹಾರ’ ಜಾಲತಾಣ ಬಂತು, ಒಂದು ಪಥಕ್ಕೆ ದಿನಕ್ಕೆ 300 ಜನ ಎಂಬ ಮಿತಿ ಬಂತು. ಕಾಡಿನ ದೃಷ್ಟಿಯಿಂದ ಅದು ಸರಿಯಾದ ನಿರ್ಧಾರ. ಆದರೆ ಆ ಜನ ಅಲ್ಲಿಗೆ ಯಾಕೆ ಹೋದರು? ವಾರವಿಡೀ ಗಾಜಿನ ಕಟ್ಟಡದೊಳಗೆ ಕೂತವರಿಗೆ ಶನಿವಾರ ಕಾಲು ಚಾಚಲು ಮಹದೇವಪುರದಲ್ಲಿ, ಆನೇಕಲ್ಲಿನಲ್ಲಿ ಐದು ಕಿಲೋಮೀಟರ್ ಮಣ್ಣಿನ ಹಾದಿ ಉಳಿದಿಲ್ಲ. ಮನೆ ಹತ್ತಿರದ ದಾರಿ ಮುಚ್ಚಿ, ದೂರದ ಕಾಡಿನ ಮೇಲೆ ಜನರನ್ನು ಹೇರಿದವರು ನಾವೇ.

ಆಕ್ಷೇಪಗಳಿವೆ. ಅಪಾರ್ಟ್‌ಮೆಂಟಿನ ಹಿರಿಯರು, ಒಂಟಿ ಹೆಣ್ಣುಮಕ್ಕಳು ಭದ್ರತೆಯ ಮಾತಾಡುತ್ತಾರೆ. ಆ ಭಯ ನಿಜವಾದದ್ದು, ತಳ್ಳಿಹಾಕುವುದಿಲ್ಲ. ಆದರೆ ದಾರಿ ಬಿಡಬೇಕು ಎಂದರೆ ಮನೆಯಂಗಳ ಬಿಡಬೇಕು ಎಂದಲ್ಲ. ದಾರಿಯ ಎರಡೂ ಬದಿಗೆ ಬೇಲಿ ಹಾಕಿಕೊಳ್ಳಿ, ನಡುವಿನ ಪಟ್ಟಿ ಬಿಡಿ. ನಾಲ್ಕು ಜನ ನಡೆಯುವ, ದೀಪವಿರುವ ದಾರಿ ಎತ್ತರದ ಗೋಡೆಗಳ ನಡುವಿನ ಪಾಳು ಸಂದಿಗಿಂತ ಹೆಚ್ಚು ಸುರಕ್ಷಿತ. ಪರಿಸರದವರ ಆಕ್ಷೇಪ ಬೇರೆ: ದಾರಿ ಎಂದಕೂಡಲೇ ಇಲಾಖೆಯವರು ಟೈಲ್ಸ್, ಕಾಂಕ್ರೀಟು, ಕಮಾನು ಎಂದು ಹೊರಡುತ್ತಾರೆ. 2021ರಲ್ಲಿ ತುರಹಳ್ಳಿ ಕಾಡಿನಲ್ಲಿ ಟ್ರೀ ಪಾರ್ಕ್ ಮಾಡಹೊರಟಾಗ ಜನ ತಿರುಗಿಬಿದ್ದದ್ದು ಇದಕ್ಕೇ, ಮತ್ತು ಅವರು ಸರಿಯಾಗೇ ಮಾಡಿದರು. ಪೀಣ್ಯ–ಜಾಲಹಳ್ಳಿಯ 599 ಎಕರೆ ನೆಡುತೋಪಿನ ಬಗ್ಗೆ ಅರಣ್ಯ ಇಲಾಖೆಗೂ ಎಚ್‌ಎಂಟಿಗೂ ವ್ಯಾಜ್ಯ ನಡೆದಿದೆ. ಅದು ಕಾಡಾಗಿಯೇ ಉಳಿಯಲಿ, ಅಂಚಿನಲ್ಲಿ ಒಂದು ಮಣ್ಣುಹಾದಿ ಇದ್ದರೆ ಸಾಕು.

ಗೋಡೆ ಎದ್ದಾಗ ದಾರಿಯೊಂದೇ ಹೋಗುವುದಿಲ್ಲ, ಅದರ ಪಕ್ಕದ ಕಾಲುವೆಯೂ ಹೋಗುತ್ತದೆ. ಎರಡೂ ‘ಬಿ’ ಖರಾಬೇ, ಎರಡನ್ನೂ ನುಂಗುವ ವಿಧಾನ ಒಂದೇ. 2022ರ ಸೆಪ್ಟೆಂಬರಿನಲ್ಲಿ ಸರ್ಜಾಪುರ ರಸ್ತೆ, ಬೆಳ್ಳಂದೂರು ಮುಳುಗಿ, ರೇನ್‌ಬೋ ಡ್ರೈವ್ ಬಡಾವಣೆಯವರನ್ನು ಟ್ರ್ಯಾಕ್ಟರಿನಲ್ಲಿ ಸಾಗಿಸಬೇಕಾದಾಗ ಇಡೀ ಊರು ರಾಜಕಾಲುವೆಯ ಜಪ ಮಾಡಿತು. ಕಾಲುವೆಯ ದಂಡೆಯಲ್ಲಿ ದಿನವೂ ಜನ ನಡೆಯುವಂತಿದ್ದರೆ ಮೂವತ್ತು ಅಡಿಯ ಕಾಲುವೆ ಮೂರಡಿಯಾಗುವುದು ಯಾರಿಗೂ ಕಾಣದೆ ನಡೆಯುತ್ತಿರಲಿಲ್ಲ. ಮೆಜೆಸ್ಟಿಕ್ ಕಡೆಯಿಂದ ಬೆಳ್ಳಂದೂರಿನ ದಿಕ್ಕಿಗೆ ಕೆ–100 ಯೋಜನೆಯಲ್ಲಿ ಕೋರಮಂಗಲ ಕಣಿವೆಯ ಕಾಲುವೆ ಪಕ್ಕ ನಡಿಗೆಯ ಹಾದಿ ಕಟ್ಟಲು ಆಗುವುದಾದರೆ, ಕೆರೆಯಿಂದ ಕೆರೆಗೆ ಹೊರವಲಯದಲ್ಲೂ ಆಗುತ್ತದೆ.

ಈಗ ಬೆಂಗಳೂರಿನಲ್ಲಿ ಐದು ನಗರ ಪಾಲಿಕೆಗಳಾಗಿವೆ, ವೈಟ್‌ಫೀಲ್ಡ್ ಪೂರ್ವ ಪಾಲಿಕೆಗೆ ಸೇರಿದೆ. ಎಲೆಕ್ಟ್ರಾನಿಕ್ ಸಿಟಿಗೆ 2013ರಿಂದ ತನ್ನದೇ ಟೌನ್‌ಶಿಪ್ ಪ್ರಾಧಿಕಾರವಿದೆ. ಪ್ರತಿಯೊಂದೂ ತನ್ನ ವ್ಯಾಪ್ತಿಯ ಗ್ರಾಮ ನಕಾಶೆಗಳಲ್ಲಿರುವ ಬಂಡಿದಾರಿ, ಕಾಲುದಾರಿಗಳನ್ನು ಭೂಮಾಪಕರಿಂದ ಅಳತೆ ಮಾಡಿಸಿ, ಕಲ್ಲು ನೆಡಿಸಿ, ಜನರ ಮುಂದೆ ನಕ್ಷೆಯಾಗಿ ಇಡಲಿ. ಹಳ್ಳಿಯ ಹಿರಿಯರನ್ನೂ ಅಪಾರ್ಟ್‌ಮೆಂಟಿನ ಸಂಘಗಳನ್ನೂ ಜೊತೆಗೆ ಕರೆದೊಯ್ದು ನಡೆಸಲಿ. ಆ ನಕ್ಷೆಯಲ್ಲಿರುವ ದಾರಿಯನ್ನು ಕತ್ತರಿಸುವ ಯಾವ ಬಡಾವಣೆಗೂ ಮಂಜೂರಾತಿ ಕೊಡಬಾರದು.

ಸಾರ್ವಜನಿಕ ದಾರಿಯೊಂದು ಬೇಡವೆನಿಸಿದರೆ ಅದರ ಮೇಲಿನ ಜನರ ಹಕ್ಕನ್ನು ರದ್ದುಮಾಡುವ ವಿಧಾನವನ್ನು ಅದೇ ಭೂಕಂದಾಯ ಅಧಿನಿಯಮದ ಕಲಂ 68 ಹೇಳುತ್ತದೆ. ಪ್ರಕಟಣೆ ಹೊರಡಿಸಬೇಕು, ಆಕ್ಷೇಪಣೆ ಕೇಳಬೇಕು. ಕೃಷ್ಣರಾಜಪುರ, ಬೇಗೂರು, ಜಿಗಣಿ, ಸರ್ಜಾಪುರ, ಯಶವಂತಪುರ ಹೋಬಳಿಗಳ ವ್ಯಾಪ್ತಿಯಲ್ಲಿ ಹೀಗೆ ವಿಧಿವತ್ತಾಗಿ ರದ್ದಾದ ದಾರಿಗಳ ಪಟ್ಟಿಯನ್ನು ಬೆಂಗಳೂರು ನಗರ ಜಿಲ್ಲಾಧಿಕಾರಿಗಳು ಪ್ರಕಟಿಸಲಿ. ಆ ಪಟ್ಟಿಯಲ್ಲಿ ಇಲ್ಲದೆ ಮುಚ್ಚಿಹೋಗಿರುವ ಪ್ರತಿ ದಾರಿಯ ಮೇಲಿನ ಗೋಡೆಯೂ ಅಕ್ರಮ. ಅದನ್ನು ಯಾವ ದಿನಾಂಕದೊಳಗೆ ತೆರವು ಮಾಡುತ್ತೇವೆ ಎಂಬುದನ್ನೂ ಅದೇ ಪ್ರಕಟಣೆಯಲ್ಲಿ ಬರೆಯಲಿ.