ವೇಷ ಕಳಚಿದ ಅಕ್ಷರ

ಉಮ್ಮತ್ತೂರು ಅರಸರ ಐನೂರು ವರ್ಷದ ಹಿಂದಿನ ಶಿಲಾಶಾಸನಗಳು ಇಂದಿಗೂ ಓದಲು ಸಿಗುತ್ತವೆ. ಅದೇ ಊರಿನ ಗೆಳೆಯರೊಬ್ಬರ ಮನೆಯಲ್ಲಿ ಮೊನ್ನೆ ಇಪ್ಪತ್ತು ವರ್ಷದ ಬರೆಹ ಓದಲಾಗದೆ ಹೋಯಿತು. ದಿವಂಗತ ತಂದೆಯವರು ಗಣಕದಲ್ಲಿ ಬರೆದಿಟ್ಟ ಮನೆತನದ ಕಥೆ ಅದು. ಹೊಸ ಯಂತ್ರದಲ್ಲಿ ತೆರೆದರೆ ಬರಿಯ ರೋಮನ್ ಅಕ್ಷರ, ಚಿಹ್ನೆಗಳ ಚೆಲ್ಲಾಪಿಲ್ಲಿ!

“ಅಪ್ಪನ ಬರೆಹ ಹಾಳಾಯಿತಲ್ಲ, ಸ್ವಾಮಿ!” ಎಂದರು ಗೆಳೆಯರು.

ಹಾಳಾಗಿರಲಿಲ್ಲ. ಹಳೆಯ ಫಾಂಟುಗಳಲ್ಲಿ ರೋಮನ್ ಅಕ್ಷರಗಳ ಸ್ಥಾನದಲ್ಲೇ ಕನ್ನಡದ ರೂಪಗಳನ್ನು ಕೂರಿಸುತ್ತಿದ್ದರು. ಆ ಫಾಂಟು ಇಲ್ಲದ ಯಂತ್ರದಲ್ಲಿ ವೇಷ ಕಳಚುತ್ತದೆ. ತೆರೆಯ ಮೇಲ್ಗಡೆ ಫಾಂಟಿನ ಹೆಸರು ‘ನುಡಿ’ ಎಂದಿತ್ತು. ಕನ್ನಡ ಗಣಕ ಪರಿಷತ್ತು ರೂಪಿಸಿದ ಆ ಫಾಂಟನ್ನೇ ತಂದು, ಮೌಸಿನ ಬಲಗುಂಡಿ ಒತ್ತಿ, ‘ಇನ್‌ಸ್ಟಾಲ್’ ಆಯ್ದೆವು. ಕಡತವನ್ನು ಮುಚ್ಚಿ ಮತ್ತೆ ತೆರೆದಾಗ ತಂದೆಯವರ ಮಾತುಗಳು ಮೂಡಿದವು. ಗೆಳೆಯರ ಕಣ್ಣು ತೇವಗೊಂಡಿತು.

ಅಷ್ಟಕ್ಕೇ ನಿಲ್ಲಬಾರದು. ೧೯೯೧ರ ಯೂನಿಕೋಡ್ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ವಂತ ಸ್ಥಾನಗಳಿವೆ. ಪರಿವರ್ತಕದಿಂದ ಕಡತವನ್ನು ಯೂನಿಕೋಡಿಗೆ ಬದಲಿಸಿ, ಮೂಲವನ್ನೂ ಉಳಿಸಿಕೊಂಡೆವು. ಇನ್ನು ಯಾವ ಕನ್ನಡ ಫಾಂಟಿನಲ್ಲಿ ತೆರೆದರೂ ಅಕ್ಷರದ ಚೆಲುವು ಬದಲಾದೀತೇ ಹೊರತು ಓದು ಕೆಡದು.

ವಾಚಕರೇ, ನಿಮ್ಮ ಮನೆಯಲ್ಲಿಯೂ ಇಂಥ ಕಡತವಿದೆಯೇ? ಬರೆದವರು ಎದುರಿಗಿರುವಾಗಲೇ ತೆರೆದು ನೋಡಿ.