ಮನೆಯೇ ಶಾಲೆಯಾದಾಗ

ಭಾನುವಾರದ ಬಲಿಪೂಜೆ ನಡೆಯುತ್ತಿದೆ. ಗಂಟೆಯ ಸದ್ದಿಗೆ ಮಗುವೊಂದು ಎರಡೂ ಕಿವಿ ಮುಚ್ಚಿಕೊಂಡು ಕಿರುಚುತ್ತದೆ. ನಾವೆಲ್ಲ ತಿರುಗಿ ನೋಡುತ್ತೇವೆ. ತಾಯಿ ಮಗುವನ್ನು ಎತ್ತಿಕೊಂಡು, ತಲೆ ತಗ್ಗಿಸಿ ಹೊರನಡೆಯುತ್ತಾಳೆ. ಮುಂದಿನ ಭಾನುವಾರ ಆಕೆ ಬರುವುದಿಲ್ಲ. ಬರಲಿಲ್ಲವೆಂಬುದನ್ನು ನಾವು ಗಮನಿಸುವುದೂ ಇಲ್ಲ.

ಪ್ರಿಯ ಓದುಗರೇ, ಇಂಥ ಮಕ್ಕಳು ಹಟಮಾರಿಗಳಲ್ಲ. ಹೆತ್ತವರ ಪಾಪದ ಫಲವೂ ಅಲ್ಲ. ಹುಟ್ಟುಕುರುಡನನ್ನು ಕಂಡು ಶಿಷ್ಯರು ಹಾಗೆ ಕೇಳಿದಾಗ ಪ್ರಭು ಯೇಸು ಆ ಮಾತನ್ನೇ ತಳ್ಳಿಹಾಕಿದರು. ಆಟಿಸಂ, ಎಡಿಎಚ್‌ಡಿ, ಡಿಸ್ಲೆಕ್ಸಿಯಾ ಇರುವ ಮಕ್ಕಳ ಮಿದುಳು ಬೆಳೆಯುವ ರೀತಿಯೇ ಬೇರೆ. ನಮಗೆ ಸಾಧಾರಣವಾದ ಸದ್ದು ಅವರಲ್ಲಿ ಕೆಲವರಿಗೆ ಸಿಡಿಲಿನಂತೆ ಕೇಳಿಸಬಹುದು.

ಶಾಲೆಗೆ ಹೋಗಲಾಗದ ಮಕ್ಕಳಿಗೆ ಮನೆಯೇ ಶಾಲೆಯಾಗುತ್ತದೆ. ಶಿಕ್ಷಣ ಹಕ್ಕು ಕಾಯಿದೆಗೆ 2012ರಲ್ಲಿ ಆದ ತಿದ್ದುಪಡಿಯಂತೆ, ತೀವ್ರ ಅಥವಾ ಬಹುವಿಧ ವೈಕಲ್ಯವುಳ್ಳ ಮಗು ಮನೆಯಲ್ಲೇ ಶಿಕ್ಷಣ ಪಡೆಯಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ ಪಟ್ಟಿಯಲ್ಲಿ ಆಟಿಸಂ ಮತ್ತು ಕಲಿಕಾ ನ್ಯೂನತೆಗಳೂ ಇವೆ. ಆಂಧ್ರದ ಮಂಡಲಗಳಲ್ಲಿ ಇಂಥ ಮಕ್ಕಳಿಗಾಗಿಯೇ ಸರ್ಕಾರದ ‘ಭವಿತ’ ಕೇಂದ್ರಗಳಿವೆ. ಅಲ್ಲಿಗೆ ಬರಲಾಗದ ಮಕ್ಕಳ ಮನೆಗೆ ಶಿಕ್ಷಕರು ಹೋಗಿ ಕಲಿಸುವ ವ್ಯವಸ್ಥೆಯೂ ಇದೆ. ಕಲ್ಯಾಣದುರ್ಗ, ಹಿಂದೂಪುರ ಕಡೆಯ ತಂದೆತಾಯಿಯರು ಅಲ್ಲಿ ವಿಚಾರಿಸಲು ಹಿಂಜರಿಯಬಾರದು.

ಮನೆಪಾಠಕ್ಕೆ ದೊಡ್ಡ ಸಲಕರಣೆ ಬೇಕಿಲ್ಲ. ನಮ್ಮ ಸೀಮೆಯಲ್ಲಿ ಕಡಲೆಕಾಯಿಗೇನು ಬರ? ಸುಲಿದರೆ ಬೆರಳಿಗೆ ಅಭ್ಯಾಸ, ಎಣಿಸಿದರೆ ಲೆಕ್ಕ, ‘ಅಮ್ಮನಿಗೊಂದು, ನನಗೊಂದು’ ಎಂದು ಹಂಚಿದರೆ ಮಾತು. ಸ್ನಾನ, ತಿಂಡಿ, ಪಾಠ, ಆಟ ಇವುಗಳ ಚಿತ್ರ ಬರೆದು ಸಾಲಾಗಿ ಗೋಡೆಗೆ ಅಂಟಿಸಿದರೆ, ಮುಂದೇನು ಎಂಬ ದಿಗಿಲು ಮಗುವಿಗೆ ತಗ್ಗುತ್ತದೆ. ಬೀದಿಯಲ್ಲಿ ತೆಲುಗು ಇದೆಯೆಂದು ಮನೆಯ ಕನ್ನಡವನ್ನು ಬಿಡಬೇಕಿಲ್ಲ. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಆಟಿಸಂ ಇರುವ ಮಗುವಿನ ಮಾತಿಗೆ ಹಾನಿಯಿಲ್ಲವೆಂದು ಅಧ್ಯಯನಗಳು ತೋರಿಸಿವೆ.

ಆದರೆ ಮನೆಯಲ್ಲಿ ಕಲಿಸುವುದು ಬೇರೆ, ಮನೆಯಲ್ಲಿ ಬಚ್ಚಿಡುವುದು ಬೇರೆ. ನೆರೆಹೊರೆಯ ಆಸರೆ ಇಲ್ಲದಿದ್ದರೆ ಮೊದಲನೆಯದು ಎರಡನೆಯದಾಗಿಬಿಡುತ್ತದೆ. ಶಿಕ್ಷಕರು ಬಂದು ಹೋದ ಮೇಲೆ ಉಳಿದ ದಿನವೆಲ್ಲ ಕಲಿಸುವವಳು ತಾಯಿ. ಆಕೆ ದಣಿದಾಗ ಕೇಳುವವರಾರು?

ಈ ಬರದ ನಾಡು ಇದಕ್ಕೆ ಒಂದು ದಾರಿ ಕಂಡಿದೆ. ಯೇಸುಸಭೆಯ ಮಿಷನರಿಯಾಗಿ 1952ರಲ್ಲಿ ಭಾರತಕ್ಕೆ ಬಂದ ವಿನ್ಸೆಂಟ್ ಫೆರರ್ 1969ರಲ್ಲಿ ಅನಂತಪುರದಲ್ಲಿ ಆರ್‌ಡಿಟಿ ಸಂಸ್ಥೆ ಆರಂಭಿಸಿದರು. ಆ ಸಂಸ್ಥೆ ಹಳ್ಳಿಗಳಲ್ಲಿ ವಿಕಲಚೇತನರ ಸಂಘಗಳನ್ನು ಕಟ್ಟಿತು. ಮೂಲೆಯಲ್ಲಿ ಒಬ್ಬರೇ ಕುಳಿತವರಿಗೆ ಸಂಘವೆಂಬುದು ದೊಡ್ಡ ಧೈರ್ಯ.

ನಮ್ಮ ಧರ್ಮಕೇಂದ್ರವೂ ಅಂಥ ಸಂಘವಾಗಬಾರದೇಕೆ? ತಿಂಗಳಿಗೊಮ್ಮೆ ಪೂಜೆಯ ನಂತರ ಈ ಕುಟುಂಬಗಳು ಒಂದೆಡೆ ಕೂರಲಿ. ಒಂದು ಮನೆಯ ಅನುಭವ ಇನ್ನೊಂದು ಮನೆಗೆ ಪಾಠವಾಗಲಿ. ವಾರಕ್ಕೆ ಎರಡು ಗಂಟೆ ನಮ್ಮಲ್ಲೊಬ್ಬರು ಮಗುವಿನ ಜೊತೆಗಿದ್ದರೆ ತಾಯಿ ಉಸಿರಾಡಿಕೊಳ್ಳುತ್ತಾಳೆ. ದೇವಾಲಯದ ಬಾಗಿಲ ಬಳಿ, ಧ್ವನಿವರ್ಧಕದಿಂದ ದೂರದ ಒಂದು ಬೆಂಚು ಅವರಿಗಾಗಿ ಇರಲಿ. ‘ಇವನಿಗೇನು ತಿಳಿಯುತ್ತದೆ’ ಎಂದು ಪರಮಪ್ರಸಾದದ ಸಿದ್ಧತೆಯಿಂದ ಮಗುವನ್ನು ಹೊರಗಿಡುವುದು ಬೇಡ. ವಿಕಲಚೇತನರಿಗೆ ಸಂಸ್ಕಾರಗಳನ್ನು ಯಾರೂ ನಿರಾಕರಿಸುವಂತಿಲ್ಲವೆಂದು 2020ರಲ್ಲಿ ವ್ಯಾಟಿಕನ್ ಹೊರತಂದ ಧರ್ಮೋಪದೇಶದ ಮಾರ್ಗದರ್ಶಿ ಹೇಳಿದೆ.

ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದ ನಾಲ್ವರು ಜನಸಂದಣಿ ಕಂಡು ಹಿಂದಿರುಗಲಿಲ್ಲ. ಮನೆಯ ಮಾಡನ್ನೇ ಬಿಚ್ಚಿ ಪ್ರಭುವಿನ ಮುಂದೆ ಇಳಿಸಿದರು. ಅವರ ವಿಶ್ವಾಸವನ್ನು ಯೇಸು ಕಂಡರು. ನಾವು ಮಾಡು ಬಿಚ್ಚಬೇಕಾಗಿಲ್ಲ. ಬಾರದೆ ಹೋದ ಆ ತಾಯಿಯ ಮನೆಯ ಬಾಗಿಲು ತಟ್ಟಿದರೆ ಸಾಕು. ಈ ಭಾನುವಾರವೇ ತಟ್ಟೋಣ.